ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಓರೆಯಾಗುವ ಕೊರಳು

ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಮನೆಯಲ್ಲಿ ತಮ್ಮತಂಗಿಯರನ್ನು ನೋಡಿಕೊಳ್ಳುವವರು. ಕೆಲವರು ಮುಂದೆ ದಾದಿಯರಾಗತಕ್ಕವರು. ಆದುದರಿಂದ ವಿರಳವಾದರೂ ತಿಳಿದಿರಬೇಕಾದ ಒಂದು ವ್ಯಾಧಿಯನ್ನು ಇಲ್ಲಿ ವಿವರಿಸುವೆವು.

ಕೊರಳಿನಲ್ಲಿ ಏಳು ಎಲುಬಿನ ಮಣಿಗಳಿವೆ. ತಲೆಯನ್ನು ಹೊತ್ತಿರುವ ಮೊದಲನೆಯ ಮಣಿಗೆ, ಆಕಾಶವನ್ನು ಹೊತ್ತವನೆಂದು ಗ್ರೀಕರ ಪುರಾಣವು ಹೇಳುವ ಅಟ್ಲಾಸನ ಹೆಸರನ್ನಿಟ್ಟಿರುವರು. ಇದು ಬಳೆಯಂತಿದ್ದು, ಎರಡನೆಯ ಮಣಿಯಿಂದ ಮೇಲೆದ್ದ ಗೂಟದ ಸುತ್ತ ತಿರುಗುತ್ತದೆ. ನಾವು ಒಲ್ಲೆನೆಂದು ತಲೆಯಾಡಿಸುವುದು ಮುಖ್ಯವಾಗಿ ಈ ಕೀಲಿನಿಂದಲೇ. ಗೂಟದ ಹಿಂದೆಯೇ ಬೆನ್ನುಹುರಿಯಿರುವುದರಿಂದ, ಮಣಿಗಳು ಜಾರದಂತೆ ಗಟ್ಟಿಯಾದ ತಂತುಕಟ್ಟುಗಳು ಅವನ್ನು ಬಿಗಿದಿರುವುವು.

ಟಾನ್ಸಿಲ್ ಅಥವಾ ಅಡಿನಾಯ್ಡುಗಳನ್ನು ತೆಗೆದ ಮೇಲೆ, ಬಹು ಅಪರೂಪವಾಗಿ, ಅಲ್ಲಿಯ ಉರಿಯೂತವು ಹಿಂದಣ ಈ ಕೀಲಿಗೆ ಹರಡುವುದುಂಟು. ಆಗ ಕಟ್ಟುಗಳು ಸಡಿಲಗೊಂಡು, ಮೊದಲನೆಯ ಮಣಿಯು ತಿರುಚಿ ಜಾರಿ ನಿಲ್ಲುತ್ತದೆ. ಶಸ್ತ್ರಚಿಕಿತ್ಸೆಯಿಲ್ಲದೆ ಬರಿಯ ಗಂಟಲುಬೇನೆಯ ತರುವಾಯವೂ ಹೀಗಾಗಬಹುದು. 1830ರಲ್ಲಿಯೇ ಚಾರ್ಲ್ಸ್ ಬೆಲ್ ಎಂಬ ವೈದ್ಯನು ಇಂತಹುದನ್ನು ವರ್ಣಿಸಿದ್ದನು. ಆದರೆ 1930ರಲ್ಲಿ ಇಬ್ಬರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದ ಫ್ರೆಂಚ್ ವೈದ್ಯ ಗ್ರಿಸೆಲನ ಹೆಸರೇ ಈ ವ್ಯಾಧಿಗೆ ನಿಂತಿತು. ಮಕ್ಕಳ ಕಟ್ಟುಗಳು ದೊಡ್ಡವರಿಗಿಂತ ಸಡಿಲವಾದುದರಿಂದ ಇದು ಹೆಚ್ಚಾಗಿ ಮಕ್ಕಳಿಗೇ ಬರುತ್ತದೆ. ಡೌನ್ ಸಿಂಡ್ರೋಮ್ ಉಳ್ಳ ಮಕ್ಕಳಲ್ಲಿ ಅಪಾಯವು ಇನ್ನೂ ಹೆಚ್ಚು.

ಚಿಕಿತ್ಸೆಯ ಬಳಿಕ ಕೆಲವು ದಿನ ಕತ್ತು ನೋಯುವುದು ಸಾಮಾನ್ಯ. ಆದರೆ ತಲೆಯು ಒಂದು ಕಡೆಗೆ ವಾಲಿ, ಗಲ್ಲವು ಇನ್ನೊಂದು ಕಡೆಗೆ ತಿರುಗಿ, ನೆಟ್ಟಗೆ ಮಾಡಹೋದರೆ ಮಗು ನೋವಿನಿಂದ ಅಳುವುದಾದರೆ, ಅದನ್ನು ಹಟವೆಂದು ಗದರಿಸಬಾರದು. ಉಳುಕೆಂದು ಭಾವಿಸಿ ಎಣ್ಣೆ ತಿಕ್ಕಿಸುವುದೂ, ಉಳುಕು ತೆಗೆಯುವವರಿಂದ ಕತ್ತನ್ನು ತಿರುಗಿಸುವುದೂ ಸರ್ವಥಾ ಕೂಡದು. ಸಡಿಲವಾದ ಮಣಿಯು ಬೆನ್ನುಹುರಿಯನ್ನು ಒತ್ತೀತು. ಕೂಡಲೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಕೈಕಾಲುಗಳು ಜೋಮು ಹಿಡಿದರೆ ಅಥವಾ ಬಲಗುಂದಿದರೆ ಒಂದು ಗಳಿಗೆಯೂ ತಡಮಾಡಲಾಗದು.

ವೈದ್ಯರು ಸಿ.ಟಿ. ಸ್ಕ್ಯಾನಿನಿಂದ ಮಣಿಗಳ ಸ್ಥಿತಿಯನ್ನು ಅರಿಯುವರು. ಬೇಗನೆ ತಿಳಿದರೆ ಆಂಟಿಬಯಾಟಿಕ್, ನೋವಿನ ಔಷಧ, ವಿಶ್ರಾಂತಿ, ಕೊರಳಪಟ್ಟಿ, ಇಷ್ಟರಿಂದಲೇ ಬಹುಮಂದಿ ಮಕ್ಕಳು ಗುಣಹೊಂದುವರು. ವಾರಗಳು ಕಳೆದರೆ ತಲೆಗೆ ತೂಕ ಕಟ್ಟಿ ಎಳೆಯಬೇಕಾದೀತು. ಕೆಲವೊಮ್ಮೆ ಎರಡು ಮಣಿಗಳನ್ನು ಶಸ್ತ್ರಚಿಕಿತ್ಸೆಯಿಂದ ಬೆಸೆಯಬೇಕಾಗಿ, ತಲೆಯನ್ನು ತಿರುಗಿಸುವ ಶಕ್ತಿಯು ಸುಮಾರು ಅರ್ಧದಷ್ಟು ಶಾಶ್ವತವಾಗಿ ಕುಂದುವುದು.

ಆದಕಾರಣ ಶುಶ್ರೂಷೆಯೆಂಬುದು ಗಂಜಿ ಕುಡಿಸುವುದರಲ್ಲಿಯೇ ಮುಗಿಯಲಿಲ್ಲ. ಮಗುವು ತಲೆಯನ್ನು ಹೇಗೆ ಹಿಡಿದಿದೆಯೆಂದು ದಿನವೂ ಗಮನಿಸುವ ಕಣ್ಣೂ ಅದರ ಒಂದು ಅಂಗವೇ. ಕರ್ತನು ನಮಗೊಪ್ಪಿಸಿದ ಈ ಚಿಕ್ಕವರನ್ನು ಅಂತಹ ಕಣ್ಣಿನಿಂದ ಕಾಯೋಣ.