ಆಹಾರ ಮಾರ್ಗಸೂಚಿಯ ಪರಿಷ್ಕರಣೆ: ಹೈದರಾಬಾದಿನಿಂದ ಅಂಗನವಾಡಿಯ ಒಲೆಯವರೆಗೆ

ಗ್ರಾಮಸಭೆಯಲ್ಲಿ ಪೌಷ್ಟಿಕ ಆಹಾರದ ವಿಷಯ ಬಂದಾಗ ಒಂದು ಪ್ರಶ್ನೆ ಏಳುವುದು ಸಹಜ: “ಮೊದಲು ಹೊಟ್ಟೆ ತುಂಬ ಉಣ್ಣಿರಿ ಎಂದರು, ಈಗ ಅನ್ನ ಕಡಿಮೆ ಮಾಡಿರಿ ಎನ್ನುತ್ತಾರೆ. ನಂಬುವುದಾದರೂ ಯಾವುದನ್ನು?” ಇದಕ್ಕೆ ಸಮರ್ಪಕ ಉತ್ತರ ದೊರೆಯದಿದ್ದರೆ ಜನರು ಆರೋಗ್ಯ ಇಲಾಖೆಯ ಸಲಹೆಯನ್ನು ಬಿಟ್ಟು ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳನ್ನು ನಂಬತೊಡಗುತ್ತಾರೆ. ಆದುದರಿಂದ ರಾಷ್ಟ್ರೀಯ ಆಹಾರ ಮಾರ್ಗಸೂಚಿಯು ಹೇಗೆ ರೂಪುಗೊಳ್ಳುತ್ತದೆ, ಏಕೆ ಪರಿಷ್ಕೃತವಾಗುತ್ತದೆ ಮತ್ತು ಅದರಲ್ಲಿ ಗ್ರಾಮ ಪಂಚಾಯತಿಯ ಪಾಲೇನು ಎಂಬುದನ್ನು ಸದಸ್ಯರು ಅರಿತಿರುವುದು ಅವಶ್ಯಕ.

1. ಮಾರ್ಗಸೂಚಿಯನ್ನು ರೂಪಿಸುವ ಸಂಸ್ಥೆ

ಈ ಕಾರ್ಯವನ್ನು ನಿರ್ವಹಿಸುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅವರು ಬೆರಿಬೆರಿ ರೋಗದ ವಿಚಾರಣೆಗಾಗಿ ಆರಂಭಿಸಿದ ಚಿಕ್ಕ ಘಟಕವೇ ಇದರ ಮೂಲ. ಸಂಸ್ಥೆಯು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ಈಗಿನ ಹೆಸರನ್ನು ಪಡೆಯಿತು. ಭಾರತೀಯರಿಗಾಗಿ ಆಹಾರ ಮಾರ್ಗಸೂಚಿಯನ್ನು ಅದು ಮೊದಲು 1998ರಲ್ಲಿ ಪ್ರಕಟಿಸಿತು. 2011ರಲ್ಲಿ ಅದನ್ನು ಪರಿಷ್ಕರಿಸಲಾಯಿತು. 2024ರ ಮೇ ತಿಂಗಳಲ್ಲಿ ಹೊರಬಂದ ಇತ್ತೀಚಿನ ಪರಿಷ್ಕರಣೆಯಲ್ಲಿ 17 ಸೂಚನೆಗಳಿವೆ.

2. ಪರಿಷ್ಕರಣೆಯ ನಾಲ್ಕು ಹಂತಗಳು

ಮೊದಲನೆಯದು ಜನರ ಸ್ಥಿತಿಯನ್ನು ಅಳೆಯುವುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಹೊಂದಿಲ್ಲ. 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಈ ಅಂಕಿಗಳು ಮನೆಮನೆಯ ಭೇಟಿಯಿಂದಲೇ ದೊರೆಯುತ್ತವೆ. ಬಾಗಿಲಿಗೆ ಬಂದ ಸಮೀಕ್ಷಕರಿಗೆ ಕೊಟ್ಟ ತಪ್ಪು ಉತ್ತರವು ಮುಂದಿನ ನೀತಿಯಲ್ಲಿಯೂ ತಪ್ಪಾಗಿಯೇ ಉಳಿಯುತ್ತದೆ.

ಎರಡನೆಯದು ಆಹಾರವನ್ನು ಅಳೆಯುವುದು. 2017ರಲ್ಲಿ ಪ್ರಕಟವಾದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕದಲ್ಲಿ ದೇಶದ ವಿವಿಧ ಭಾಗಗಳಿಂದ ಸಂಗ್ರಹಿಸಿದ 528 ಆಹಾರ ಪದಾರ್ಥಗಳ ವಿಶ್ಲೇಷಣೆಯಿದೆ.

ಮೂರನೆಯದು ದೇಹದ ಅಗತ್ಯವನ್ನು ನಿರ್ಧರಿಸುವುದು. 2020ರ ಪರಿಷ್ಕರಣೆಯಲ್ಲಿ ವಯಸ್ಕ ಪುರುಷನ ಆಧಾರ ತೂಕವನ್ನು 60 ಕಿಲೋದಿಂದ 65 ಕಿಲೋಗೆ ಏರಿಸಲಾಯಿತು. ಕುಳಿತು ಕೆಲಸ ಮಾಡುವ ಪುರುಷನಿಗೆ ದಿನಕ್ಕೆ 2,110 ಕಿಲೋಕ್ಯಾಲರಿ ಹಾಗೂ ಕಠಿಣ ದುಡಿಮೆ ಮಾಡುವವನಿಗೆ 3,470 ಕಿಲೋಕ್ಯಾಲರಿ ಶಕ್ತಿ ಬೇಕೆಂದು ಅದು ನಿಗದಿಪಡಿಸಿದೆ.

ನಾಲ್ಕನೆಯದು ಈ ಮೂರನ್ನೂ ಜೋಡಿಸಿ ಸಾಮಾನ್ಯರಿಗೆ ತಿಳಿಯುವ ಸಲಹೆಯಾಗಿ ಬರೆಯುವುದು. 2024ರ ಮಾರ್ಗಸೂಚಿಯನ್ನು ಸಂಸ್ಥೆಯ ಅಂದಿನ ನಿರ್ದೇಶಕರಾದ ಡಾ. ಹೇಮಲತಾ ಆರ್. ಅವರ ಅಧ್ಯಕ್ಷತೆಯಲ್ಲಿ ವಿವಿಧ ಶಾಸ್ತ್ರಗಳ ತಜ್ಞರ ಸಮಿತಿಯು ರಚಿಸಿತು.

3. ಬದಲಾದುದು ಮತ್ತು ಬದಲಾಗದುದು

ಸಂಸ್ಥೆ ಹುಟ್ಟಿದ ಕಾಲದಲ್ಲಿ ಮುಖ್ಯ ಸಮಸ್ಯೆ ಕೊರತೆಯಾಗಿತ್ತು. ಇಂದು ಕೊರತೆಯೂ ಅತಿಯೂ ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಕಾಣುತ್ತವೆ: ಮಗುವಿಗೆ ತೂಕ ಸಾಲದು, ತಾಯಿಗೆ ರಕ್ತ ಸಾಲದು, ಅಜ್ಜನಿಗೆ ಸಕ್ಕರೆ ಕಾಯಿಲೆ. ಹಿಂದಿನ ಸಲಹೆ ಸುಳ್ಳೆಂದು ಸಾಬೀತಾದುದರಿಂದ ಹೊಸ ಸಲಹೆ ಬಂದಿಲ್ಲ. ಜನರ ಸ್ಥಿತಿ ಬದಲಾಗಿದೆ, ಅಳತೆಯೂ ಸೂಕ್ಷ್ಮವಾಗಿದೆ.

2024ರ ಮಾರ್ಗಸೂಚಿಯು ಒಟ್ಟು ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇಕಡಾ 45ನ್ನು ಮೀರಬಾರದೆಂದು ಹೇಳುತ್ತದೆ. 2,000 ಕಿಲೋಕ್ಯಾಲರಿಯ ಮಾದರಿ ತಟ್ಟೆಯಲ್ಲಿ ಒಂದು ದಿನಕ್ಕೆ ಬೇಕಾದ ಪದಾರ್ಥಗಳು, ಬೇಯಿಸುವ ಮೊದಲಿನ ತೂಕದಲ್ಲಿ, ಹೀಗಿವೆ: ಧಾನ್ಯ 250 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ-ಮಾಂಸ 85 ಗ್ರಾಂ, ಶೇಂಗಾ ಮುಂತಾದ ಎಣ್ಣೆಬೀಜಗಳು 35 ಗ್ರಾಂ, ಎಣ್ಣೆ-ತುಪ್ಪ 27 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್. ಇದು ಎಲ್ಲರಿಗೂ ಒಂದೇ ಮಿತಿಯಲ್ಲ. ಕಬ್ಬು ಕಡಿಯುವ ಕೂಲಿಕಾರನಿಗೆ ಇಷ್ಟು ಸಾಲದು. ಪ್ರಮಾಣ ಹೆಚ್ಚಿದರೂ ಪದಾರ್ಥಗಳ ಸಮತೋಲನ ಉಳಿಯಬೇಕೆಂಬುದೇ ಇದರ ಸಾರ.

ಬದಲಾಗದೆ ಉಳಿದ ಮಾತುಗಳೂ ಇವೆ. ಹುಟ್ಟಿದ ಮಗುವಿಗೆ ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ. ಗರ್ಭಿಣಿಗೆ ಮತ್ತು ಬಾಣಂತಿಗೆ ಹೆಚ್ಚಿನ ಆಹಾರ. ಎಲ್ಲರಿಗೂ ಬಗೆಬಗೆಯ ಪದಾರ್ಥಗಳು.

4. ಕಾಗವಾಡ ಭಾಗದಲ್ಲಿ ಇದರ ಅರ್ಥ

ಕಾಗವಾಡ, ಉಗಾರ, ಐನಾಪುರ, ಶೇಡಬಾಳ ಪರಿಸರದ ಅಡುಗೆಮನೆಗೆ ಈ ತಟ್ಟೆ ಅಪರಿಚಿತವೇನಲ್ಲ. ಬಿಳಿಜೋಳದ ರೊಟ್ಟಿ, ಹೆಸರು ಅಥವಾ ಮಡಿಕೆ ಕಾಳಿನ ಪಲ್ಯ, ಹಸಿ ಮೆಂತ್ಯೆ, ಶೇಂಗಾ-ಗುರೆಳ್ಳು-ಅಗಸಿ ಹಿಂಡಿ, ಮೊಸರು: ಮಾರ್ಗಸೂಚಿಯ ಬಹುಪಾಲು ಇದರಲ್ಲಿಯೇ ಅಡಗಿದೆ. ಕೊರತೆಯಿರುವುದು ಪ್ರಮಾಣದಲ್ಲಿ. ರೊಟ್ಟಿ ಮೂರಾದರೆ ಕಾಳು ಒಂದು ಚಮಚ ಎಂಬಂತಾದಾಗ ತಟ್ಟೆ ವಾಲುತ್ತದೆ. ಕೃಷ್ಣೆಯ ನೀರು ಉಂಡ ಹೊಲವೆಲ್ಲ ಕಬ್ಬಿಗೆ ಮೀಸಲಾದ ಮನೆಯಲ್ಲಿ ಕಾಳು-ಕಡಿ, ತೊಪ್ಪಲು ಪಲ್ಯ ಸಂತೆಯಿಂದಲೇ ಬರಬೇಕು. ಬೆಲೆ ಏರಿದ ವಾರ ಅವು ತಟ್ಟೆಯಿಂದ ಮರೆಯಾಗುತ್ತವೆ. ಮಾರ್ಗಸೂಚಿಯು ಹಣ ಕೊಡುವುದಿಲ್ಲ. ಹೊಲದ ಬದುವಿನಲ್ಲಿ, ಹಿತ್ತಲಿನಲ್ಲಿ, ಶಾಲೆಯ ಕೈತೋಟದಲ್ಲಿ ಬೆಳೆದ ಪಲ್ಯವೇ ಇಲ್ಲಿ ನಿಜವಾದ ಸಹಾಯ.

ಸಕ್ಕರೆಯ ಕುರಿತ ಸೂಚನೆಯನ್ನು ಕಬ್ಬಿನ ನಾಡಿನಲ್ಲಿ ಎಚ್ಚರದಿಂದ ವಿವರಿಸಬೇಕು. ಮೇಲಿನಿಂದ ಸೇರಿಸುವ ಸಕ್ಕರೆಯು ಒಟ್ಟು ಶಕ್ತಿಯ ಶೇಕಡಾ 5ರೊಳಗೆ, ಅಂದರೆ 2,000 ಕಿಲೋಕ್ಯಾಲರಿಗೆ ಸುಮಾರು 25 ಗ್ರಾಂ ಒಳಗೆ ಇರಬೇಕು. ಇದು ಐದು ಚಹಾ ಚಮಚದಷ್ಟು. ಬೆಲ್ಲವೂ ಈ ಲೆಕ್ಕದಲ್ಲಿಯೇ ಸೇರುತ್ತದೆ. ದಿನಕ್ಕೆ ನಾಲ್ಕು ಕಪ್ಪು ಚಹಾ, ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೂ ಮಿತಿ ಮೀರಿತು. ಊಟದ ಹಿಂದೆಮುಂದೆ ಒಂದು ಗಂಟೆಯ ಕಾಲ ಚಹಾ ಕುಡಿಯಬಾರದೆಂದೂ ಮಾರ್ಗಸೂಚಿ ಹೇಳುತ್ತದೆ. ಚಹಾದಲ್ಲಿನ ಅಂಶವು ಆಹಾರದ ಕಬ್ಬಿಣ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಇದು ಕಬ್ಬು ಬೆಳೆಗಾರರ ವಿರುದ್ಧದ ಮಾತಲ್ಲ, ಅವರ ಮನೆಯ ಹೆಣ್ಣುಮಕ್ಕಳ ರಕ್ತದ ಮಾತು.

5. ಪುಸ್ತಕದಿಂದ ಒಲೆಗೆ

ಸಲಹೆಯು ಸಾರ್ವಜನಿಕರನ್ನು ತಲುಪಲು ಎರಡು ದಾರಿಗಳಿವೆ. ಒಂದು ಪ್ರಚಾರ, ಇನ್ನೊಂದು ಕಾನೂನು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಎರಡನೆಯ ಅನುಸೂಚಿಯು ಅಂಗನವಾಡಿ ಮತ್ತು ಶಾಲಾ ಊಟದ ಪೌಷ್ಟಿಕ ಮಟ್ಟವನ್ನು ನಿಗದಿಪಡಿಸುತ್ತದೆ. ಮೊದಲು ಅದು ಮುಖ್ಯವಾಗಿ ಕ್ಯಾಲರಿಯ ಲೆಕ್ಕವನ್ನು ಆಧರಿಸಿತ್ತು; 2023ರ ಜನವರಿಯಲ್ಲಿ ಆದ ತಿದ್ದುಪಡಿಯು ಆಹಾರದ ವೈವಿಧ್ಯ, ಗುಣಮಟ್ಟದ ಪ್ರೋಟೀನ್ ಮತ್ತು ಸೂಕ್ಷ್ಮ ಪೋಷಕಾಂಶಗಳಿಗೂ ಸ್ಥಾನ ನೀಡಿತು. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಆರೋಗ್ಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಸಾರ್ವಜನಿಕ ಪಡಿತರ ವ್ಯವಸ್ಥೆ ಈ ಮೂರೂ ಪಂಚಾಯತಿಗಳ ವಿಷಯಗಳಾಗಿವೆ. ಆದುದರಿಂದ ಕೊನೆಯ ಹಂತದ ಹೊಣೆ ಸದಸ್ಯರದು.

ಸದಸ್ಯರು ಗಮನಿಸಬೇಕಾದ ಅಂಶಗಳು:

ಅ) ಅಂಗನವಾಡಿ, ಶಾಲೆ, ಉಪಕೇಂದ್ರಗಳ ಗೋಡೆಯ ಮೇಲಿನ ಹಳೆಯ ಫಲಕಗಳನ್ನು ಆರೋಗ್ಯ ಸಿಬ್ಬಂದಿಯೊಂದಿಗೆ ಓದಿ, ಇಂದಿನ ಸೂಚನೆಗೆ ಹೊಂದದಿದ್ದರೆ ಬದಲಾಯಿಸಲು ಠರಾವು ಮಾಡುವುದು.

ಆ) ಶಾಲೆಗೆ ಭೇಟಿ ನೀಡಿದಾಗ ಅಳತೆಯನ್ನು ವಿಚಾರಿಸುವುದು. ಪ್ರಾಥಮಿಕ ತರಗತಿಯ ಪ್ರತಿ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ನಿಗದಿಯಾಗಿದೆ. ಸಾರು ತೆಳುವಾದರೆ ಮೊದಲು ಕಡಿಮೆಯಾಗುವುದು ಬೇಳೆಯೇ.

ಇ) ಗಡಿಭಾಗದ ಮರಾಠಿ ಮಾತನಾಡುವ ತಾಯಂದಿರಿಗೆ ಅದೇ ಮಾಹಿತಿಯನ್ನು ಅವರ ಭಾಷೆಯಲ್ಲಿ ತಿಳಿಸುವ ವ್ಯವಸ್ಥೆ ಮಾಡುವುದು.

ಈ) ಪಾಲಿಸಲಾಗದ ಸೂಚನೆಯಿದ್ದರೆ ಕಾರಣವನ್ನು ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸಿ ತಾಲ್ಲೂಕು ಮಟ್ಟಕ್ಕೆ ಕಳುಹಿಸುವುದು.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ವಾರ್ಡಿನ ಅಂಗನವಾಡಿಯ ಗೋಡೆಯ ಮೇಲೆ ಬರೆದ ಆಹಾರ ಸಲಹೆ ಯಾವ ವರ್ಷದ್ದು?

2. ನಿಮ್ಮ ಗ್ರಾಮದಲ್ಲಿ ಬೇಳೆಕಾಳು ಮತ್ತು ಸೊಪ್ಪು ಬೆಳೆಯುವ ಹೊಲಗಳೆಷ್ಟು ಉಳಿದಿವೆ?

3. “ಸಲಹೆ ಏಕೆ ಬದಲಾಯಿತು?” ಎಂದು ಒಬ್ಬ ತಾಯಿ ಕೇಳಿದರೆ ಎರಡು ವಾಕ್ಯಗಳಲ್ಲಿ ಏನೆಂದು ಉತ್ತರಿಸುವಿರಿ?

ಮೂರನೆಯ ಪ್ರಶ್ನೆಗೆ ಸದಸ್ಯರು ಉತ್ತರವನ್ನು ಸಿದ್ಧಪಡಿಸಿಕೊಂಡೇ ಮುಂದಿನ ಗ್ರಾಮಸಭೆಗೆ ಹಾಜರಾಗುವುದು ಉಚಿತ.