ಸಿಡಿ4 ಎಣಿಕೆಯ ಗ್ರಾಫ್: ಹತ್ತನೇ ತರಗತಿಗೆ ಒಂದು ಪಾಠ

ಹತ್ತನೇ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠದೊಳಗೆ ಎಚ್‌ಐವಿ ಹೆಸರು ಬಂದು ಹೋಗುತ್ತದೆ. ಹೇಗೆ ಹರಡುತ್ತದೆ ಎಂಬುದನ್ನು ಮಕ್ಕಳು ಸರಾಗವಾಗಿ ಒಪ್ಪಿಸುತ್ತಾರೆ. ಸೋಂಕು ತಗುಲಿದವರು ಆಮೇಲೆ ಏನಾಗುತ್ತಾರೆ ಎಂದು ಕುಕ್ ಟೌನ್‌ನ ಅಭ್ಯಾಸ ಬೋಧನಾ ಶಾಲೆಯಲ್ಲಿ ಕೇಳಿದಾಗ ಸಿಕ್ಕಿದ ಉತ್ತರ, "ಸತ್ತೋಗ್ತಾರೆ ಮಿಸ್." ಮನೆಯಲ್ಲಿ ದಿನವೂ ಆ ಮಾತ್ರೆ ನುಂಗುವವರಿರುವ ಮಗು ಯಾವ ತರಗತಿಯಲ್ಲಾದರೂ ಕೂತಿರಬಹುದು. ಆದ್ದರಿಂದ ಒಂದು ಅವಧಿಯನ್ನು ಪೂರ್ತಿ ಚಿಕಿತ್ಸೆಗೇ ಇಟ್ಟೆ.

ಪೀಠಿಕೆಗೆ ದೂರ ಹೋಗಬೇಕಿಲ್ಲ. 2004ರ ಏಪ್ರಿಲ್‌ನಲ್ಲಿ ಸರ್ಕಾರ ಉಚಿತ ಎಆರ್‌ಟಿ ಆರಂಭಿಸಿದಾಗ ಆಯ್ದ ಮೊದಲ ಆಸ್ಪತ್ರೆಗಳಲ್ಲಿ ಶಿವಾಜಿನಗರದ ಬೌರಿಂಗ್ ಕೂಡ ಒಂದು. ಆಗ ಸಿಡಿ4 ಎಣಿಕೆ ಬಹಳ ಕುಸಿದವರಿಗೆ ಮಾತ್ರ ಮಾತ್ರೆ. 2017ರಿಂದ ಎಣಿಕೆ ಎಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ.

ಸಿಡಿ4 ಕೋಶಗಳು ಉಳಿದ ರಕ್ಷಣಾ ಕೋಶಗಳನ್ನು ಕೆಲಸಕ್ಕೆ ಹಚ್ಚುವ ಬಿಳಿ ರಕ್ತಕಣಗಳು. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 500ರಿಂದ 1500 ಇರುತ್ತವೆ. 200ಕ್ಕಿಂತ ಕೆಳಗಿಳಿದರೆ ಅದು ಏಡ್ಸ್ ಹಂತ. ಕಪ್ಪುಹಲಗೆಯ ಮೇಲೆ ಒಬ್ಬ ಕಲ್ಪಿತ ರೋಗಿಯ ಎಣಿಕೆ ಬರೆದೆ: ಚಿಕಿತ್ಸೆಗೆ ಮುಂಚೆ 140, ಆರು ತಿಂಗಳಿಗೆ 230, ವರ್ಷಕ್ಕೆ 290, ಎರಡು ವರ್ಷಕ್ಕೆ 370. ಪಕ್ಕದಲ್ಲಿ ವೈರಸ್ ಪ್ರಮಾಣ: ಮೊದಲು 1,80,000, ಆರು ತಿಂಗಳಿಗೆ 'ಪತ್ತೆಯಾಗದಷ್ಟು ಕಡಿಮೆ'. ಎರಡೂ ಗೆರೆಗಳನ್ನು ಮಕ್ಕಳೇ ಗ್ರಾಫ್ ಹಾಳೆಯಲ್ಲಿ ಎಳೆದರು.

ಒಂದು ಗೆರೆ ದಬಕ್ಕನೆ ಬೀಳುತ್ತದೆ, ಇನ್ನೊಂದು ತೆವಳುತ್ತಾ ಏರುತ್ತದೆ. ಯಾಕೆ? ಇಲ್ಲಿ ಮನೆಯ ಸಂಪನ್ನು ತಂದೆ. ಸಂಪು ಸೋರುತ್ತಿದೆ; ಬಿರುಕು ಮುಚ್ಚಿದರೆ ಸೋರುವುದು ಅಂದೇ ನಿಲ್ಲುತ್ತದೆ, ಆದರೆ ತುಂಬುವುದು ಕಾವೇರಿ ನೀರು ಬಂದಷ್ಟೇ. ಮಾತ್ರೆಗಳು ವೈರಸ್ ನಕಲಾಗುವುದನ್ನು ತಡೆಯುತ್ತವೆ, ಕೋಶಗಳನ್ನು ತಯಾರಿಸಿಕೊಡುವುದಿಲ್ಲ. ಹೊಸ ಕೋಶಗಳನ್ನು ದೇಹವೇ ಮಾಡಿಕೊಳ್ಳಬೇಕು. ಥೈಮಸ್ ಗ್ರಂಥಿ ವಯಸ್ಸಾದಂತೆ ಕುಗ್ಗುವುದರಿಂದ ಹಿರಿಯರಲ್ಲಿ ಏರಿಕೆ ಇನ್ನೂ ನಿಧಾನ. ಕೆಲವರಲ್ಲಿ ವೈರಸ್ ಅಡಗಿದರೂ ಎಣಿಕೆ 500 ಮುಟ್ಟುವುದೇ ಇಲ್ಲ.

ಮೊದಲ ಕೆಲವು ವಾರಗಳ ಚುರುಕು ಏರಿಕೆಗೆ ಈ ಹೋಲಿಕೆ ಸಾಲದು. ಆಗ ಏರುವುದರಲ್ಲಿ ಹೆಚ್ಚಿನ ಪಾಲು ಹೊಸ ಕೋಶಗಳಲ್ಲ. ದುಗ್ಧಗ್ರಂಥಿಗಳಲ್ಲಿ ಸಿಕ್ಕಿಕೊಂಡಿದ್ದವು ರಕ್ತಕ್ಕೆ ಮರಳುತ್ತವೆ. ಮೇಲಿನ ಟ್ಯಾಂಕಿನ ನೀರನ್ನು ಸಂಪಿಗೆ ಬಿಟ್ಟ ಹಾಗೆ ಎಂದು ಒಬ್ಬ ಹುಡುಗನೇ ಹೇಳಿದ. ನನ್ನ ಪಾಠಯೋಜನೆಯಲ್ಲಿ ಅದು ಇರಲಿಲ್ಲ, ಈಗ ಸೇರಿಸಿಕೊಂಡಿದ್ದೇನೆ.

"ವೈರಸ್ಸೇ ಕಾಣಲ್ಲ ಅಂದ್ಮೇಲೆ ಮಾತ್ರೆ ಯಾಕೆ ಮಿಸ್?" ಇದು ಬಂದೇ ಬರುತ್ತದೆ, ಬರದಿದ್ದರೆ ನಾವೇ ಕೇಳಬೇಕು. ವೈರಸ್ ತನ್ನ ಜೀನ್‌ಗಳನ್ನು ಕೆಲವು ಸಿಡಿ4 ಕೋಶಗಳ ಡಿಎನ್‌ಎಯೊಳಗೇ ಸೇರಿಸಿ ಸುಮ್ಮನಿರುತ್ತದೆ. ಮಾತ್ರೆಗೆ ಅದು ಎಟಕುವುದಿಲ್ಲ. ಮಾತ್ರೆ ಬಿಟ್ಟರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಏರುತ್ತದೆ, ಸಿಡಿ4 ಇಳಿಯತೊಡಗುತ್ತದೆ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ: ಮೂರನೇ ವರ್ಷ ಎಣಿಕೆ 370ರಿಂದ 345ಕ್ಕೆ ಇಳಿದರೆ ಮಾತ್ರೆ ಸೋತಿತೇ? ಹೆಚ್ಚಿನವರು ಹೌದು ಎಂದರು. ಬೆಳಿಗ್ಗೆ ಮತ್ತು ಸಂಜೆ ತೆಗೆದ ರಕ್ತದಲ್ಲೇ ಎಣಿಕೆ ಬೇರೆಯಾಗುತ್ತದೆ, ಜ್ವರ ಬಂದರೂ ಇಳಿಯಬಹುದು. ಒಂದು ಬಿಂದುವನ್ನಲ್ಲ, ಗೆರೆಯ ದಿಕ್ಕನ್ನು ಓದಬೇಕು. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ವೈರಸ್ ಪ್ರಮಾಣದ ಪರೀಕ್ಷೆಯೇ ಹೆಚ್ಚು ನಂಬಿಕೆಯದು. ಗ್ರಾಫ್ ಓದುವ ಈ ಅಭ್ಯಾಸಕ್ಕೆ ಗಣಿತದ ಅವಧಿಯಿಂದ ಹತ್ತು ನಿಮಿಷ ಕೇಳಿ ಪಡೆಯುವುದು ಲೇಸು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. "ನಿಮ್ಮ ಮನೆಯಲ್ಲಿ ಯಾರಿಗಾದರೂ…" ಎಂದು ಎಂದೂ ಶುರುಮಾಡಬೇಡಿ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಶಾಲೆಯಲ್ಲೂ ತಾರತಮ್ಯವನ್ನು ನಿಷೇಧಿಸುತ್ತದೆ. ತನ್ನ ಸೋಂಕಿನ ಸ್ಥಿತಿ ಹೇಳೆಂದು ಯಾರನ್ನೂ ಬಲವಂತ ಮಾಡುವಂತಿಲ್ಲ. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಹಾಕಿಸಿದೆ. ಒಂದರಲ್ಲಿ, ಮಾತ್ರೆ ತಗೊಳ್ಳೋ ಅಮ್ಮನಿಗೆ ಪಾಪು ಆದರೆ ಅದಕ್ಕೂ ಬರುತ್ತಾ ಎಂದಿತ್ತು. ಅಮ್ಮನ ರಕ್ತದಲ್ಲಿ ವೈರಸ್ ಅಡಗಿದ್ದರೆ ಮಗುವಿಗೆ ದಾಟುವ ಸಾಧ್ಯತೆ ತೀರಾ ಕಡಿಮೆ ಎಂದು ಇಡೀ ತರಗತಿಗೇ ಹೇಳಿದೆ, ಅದೇ ಗ್ರಾಫಿನ ಕೆಳಗಿನ ಗೆರೆಯನ್ನು ತೋರಿಸಿ.