ಬಾಡಿಗೆ ಕಾರೂ ಗಂಧದ ಆನೆಯೂ

ಕಳೆದ ಮಾಗಿಯಲ್ಲಿ, ಮೊದಲ ಕೊಯ್ಲಿನ ಅಡಿಕೆ ಅಂಗಳದಲ್ಲಿ ಒಣಗುತ್ತಿದ್ದು ಎರಡನೆಯ ಕೊಯ್ಲಿಗೆ ಇನ್ನೂ ಎರಡು ವಾರಗಳ ವಿರಾಮವಿದ್ದ ಸಮಯದಲ್ಲಿ, ಮನೆಯಾಕೆಗೆ ಎಂದೋ ಕೊಟ್ಟು ವರ್ಷವರ್ಷವೂ ಮುಂದೂಡುತ್ತ ಬಂದಿದ್ದ ಒಂದು ಮಾತನ್ನು ನಡೆಸಿಕೊಡುವ ಸಂಕಲ್ಪ ನನಗುಂಟಾಯಿತು. ಬೆಂಗಳೂರನ್ನು ನೋಡುವುದೇ ಆ ಮಾತು. ಮದುವೆಗೆಂದು, ಆಸ್ಪತ್ರೆಗೆಂದು, ಮಗಳ ಪರೀಕ್ಷೆಗೆಂದು ನಾವು ಅಲ್ಲಿಗೆ ಹೋಗಿ ಬಂದವರೇ. ಆದರೆ ಕೆಲಸ ಮುಗಿದೊಡನೆ ಮೆಜೆಸ್ಟಿಕ್ಕಿನತ್ತ ಓಡಿಬರುವ ಅಂತಹ ಯಾತ್ರೆಗಳಲ್ಲಿ ನಮಗೆ ಕಂಡ ಬೆಂಗಳೂರು ಬಸ್ಸಿನ ಕಿಟಕಿಯಷ್ಟಗಲದ್ದು ಮಾತ್ರ. ಈ ಸಲ ನಾವಿಬ್ಬರೂ, ಎಪ್ಪತ್ತೆಂಟು ವರ್ಷದ ಚಿಕ್ಕಮ್ಮನೂ, ಹತ್ತು ವರ್ಷದ ಮೊಮ್ಮಗನೂ ಕೂಡಿ, ಬೇರಾವ ಕೆಲಸವನ್ನೂ ಇಟ್ಟುಕೊಳ್ಳದೆ, ಕೇವಲ ನೋಡುವ ಸಲುವಾಗಿಯೇ ಎರಡು ದಿನಗಳ ಮಟ್ಟಿಗೆ ಹೊರಟೆವು.

ಚಿಕ್ಕಮ್ಮನ ಮೊಣಕಾಲುಗಳು ನಗರದರ್ಶನದ ಬಸ್ಸನ್ನು ಹತ್ತಿ ಇಳಿಯುವ ಕಾರ್ಯಕ್ಕೆ ಒಡಂಬಡದಿದ್ದುದರಿಂದ ಚಾಲಕನ ಸಮೇತ ಒಂದು ಕಾರನ್ನು ಗೊತ್ತುಮಾಡುವುದು ಅನಿವಾರ್ಯವಾಯಿತು. ನಗರದೊಳಗಿನ ಓಡಾಟಕ್ಕೆ ಅಲ್ಲಿನವರ ವಾಡಿಕೆಯ ಲೆಕ್ಕ ‘ಎಂಟು ಗಂಟೆ, ಎಂಬತ್ತು ಕಿಲೋಮೀಟರು’. ಅದಕ್ಕೆ ೩,೦೦೦ ರೂಪಾಯಿ ಎಂದು ಏಜೆನ್ಸಿಯವನು ಹೇಳಿದನು. ಅಡಿಕೆಯ ಧಾರಣೆ ಕಿಲೋಗೆ ಎರಡು ರೂಪಾಯಿ ಏರಲೆಂದು ಎರಡು ತಿಂಗಳು ಕಾಯುವ ಅಭ್ಯಾಸವುಳ್ಳ ನಾನು, ಅರ್ಧ ಗಂಟೆಯ ದೂರವಾಣಿ ಸಂವಾದದಲ್ಲಿ ಅವನನ್ನು ೨,೪೦೦ಕ್ಕೆ ಇಳಿಸಿದೆನು. ಕೋಡಿಂಬಾಳದ ಹೆಸರು ಹೊತ್ತ ಪುಟ್ಟ ನಿಲ್ದಾಣವೊಂದು ನಮ್ಮಲ್ಲಿದ್ದರೂ ರಾತ್ರಿಯ ಗಾಡಿ ಹಿಡಿಯಲು ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಹೋಗುವುದು ನಮ್ಮ ರೂಢಿ. ಅಲ್ಲಿಂದ ಘಟ್ಟ ಹತ್ತುವವರೆಗೂ ಉಳಿಸಿದ ಆರುನೂರು ರೂಪಾಯಿಗಳ ವೃತ್ತಾಂತವನ್ನು ಮನೆಯವರಿಗೆ ಹೇಳಿ, ಸಂತೃಪ್ತನಾಗಿ ನಿದ್ರಿಸಿದೆನು.

ಚಾಲಕನು ಮಂಡ್ಯದ ಕಡೆಯ, ನಲವತ್ತರ ಆಸುಪಾಸಿನ ಮಿತಭಾಷಿ. ಮೊದಲು ವಿಧಾನಸೌಧದ ಎದುರು ನಿಲ್ಲಿಸಿದನು. ೧೯೫೧ರಲ್ಲಿ ಅಸ್ತಿಭಾರ ಹಾಕಿ, ಕೆಂಗಲ್ ಹನುಮಂತಯ್ಯನವರ ಛಲದಿಂದ ೧೯೫೬ರ ಹೊತ್ತಿಗೆ ಎದ್ದು ನಿಂತ ಆ ಶಿಲಾಸೌಧವನ್ನು ಬೇಲಿಯ ಹೊರಗಿನಿಂದಲೇ ನೋಡಿ, ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹದ ವಿಷಯವನ್ನು ಮೊಮ್ಮಗನಿಗೆ ಹೇಳಿ ಮುಂದೆ ಸಾಗಿದೆವು. ಟಿಪ್ಪುವಿನ ಬೇಸಿಗೆ ಅರಮನೆಯ ಬಾಗಿಲಲ್ಲಿ ಒಬ್ಬನು ತಾನಾಗಿಯೇ ನಮ್ಮ ಮಾರ್ಗದರ್ಶಿಯಾದನು. ಸಂಭಾವನೆ ಎಷ್ಟೆಂದು ಕೇಳಿದರೆ ‘ನಿಮ್ಮ ಇಷ್ಟ’ ಎಂದನು. ೧೭೯೧ರಲ್ಲಿ ಪೂರ್ತಿಗೊಂಡ ಆ ಮರದ ಅರಮನೆಯ ಕಂಬಗಳನ್ನೂ ಕಮಾನುಗಳನ್ನೂ ನೋಡಲು ಬಿಡದೆ, ಅಲ್ಲಿಂದ ಶ್ರೀರಂಗಪಟ್ಟಣದವರೆಗೆ ಒಂದು ಸುರಂಗವಿದೆಯೆಂದೂ, ಕುದುರೆಯ ಮೇಲೆ ಕುಳಿತೇ ಅದರಲ್ಲಿ ಹೋಗಬಹುದಾಗಿತ್ತೆಂದೂ ವರ್ಣಿಸಿದನು. ಮೊಮ್ಮಗನು ಆ ಸುರಂಗದ ಬಾಯನ್ನು ತೋರಿಸೆಂದು ಹಟ ಹಿಡಿದಾಗ, ಅದನ್ನು ಮುಚ್ಚಿದ್ದಾರೆಂದು ಹೇಳಿ, ೩೦೦ ರೂಪಾಯಿಗಳನ್ನು ಪಡೆದು, ಅಂತರ್ಧಾನನಾದನು.

ಊಟವಾದ ಮೇಲೆ ಚಾಲಕನು, “ಹತ್ತಿರದಲ್ಲೇ ಒಂದು ರೇಷ್ಮೆ ಅಂಗಡಿ ಐತೆ, ಸುಮ್ನೆ ನೋಡ್ಕೊಂಡ್ ಬನ್ನಿ ಯಜಮಾನ್ರೇ, ತಗಳ್ಳೇಬೇಕು ಅಂತೇನಿಲ್ಲ” ಎಂದನು. ಆ ಅಂಗಡಿಯಲ್ಲಿ ನಮಗೆ ದೊರೆತ ಆದರಾತಿಥ್ಯ ನನ್ನ ಮಾವನ ಮನೆಯಲ್ಲಿಯೂ ದೊರೆತಿರಲಿಲ್ಲ. ಚಿಕ್ಕಮ್ಮನಿಗೆ ಕುರ್ಚಿ, ಮೊಮ್ಮಗನಿಗೆ ತಂಪು ಪಾನೀಯ, ನಮಗೆ ಕಾಫಿ. ಬಳಿಕ ಸೀರೆಗಳು ಒಂದರ ಮೇಲೊಂದು ಹರಡಿಕೊಂಡವು. ಅಷ್ಟು ಉಪಚಾರ ಮಾಡಿದವರನ್ನು ಬರಿಗೈಯಲ್ಲಿ ಬಿಟ್ಟು ಬರುವುದು ಹೇಗೆಂಬ ದಾಕ್ಷಿಣ್ಯಕ್ಕೆ ಸಿಕ್ಕಿ, ೮,೬೦೦ ರೂಪಾಯಿಯ ಒಂದು ಸೀರೆಯನ್ನೂ, ಮೇಲಂತಸ್ತಿನಲ್ಲಿ ‘ಅಪ್ಪಟ ಶ್ರೀಗಂಧ’ವೆಂದು ಮೂಗಿಗೆ ಹಿಡಿದು ತೋರಿಸಿದ ೧,೯೦೦ ರೂಪಾಯಿಯ ಒಂದು ಗೇಣುದ್ದದ ಆನೆಯನ್ನೂ ಕೊಂಡೆವು. ಕೆಳಗಿಳಿದಾಗ ಎರಡು ಗಂಟೆ ಕಳೆದಿತ್ತು. ಲಾಲ್‌ಬಾಗಿಗೆ ಉಳಿದುದು ಸಂಜೆಯ ಇಪ್ಪತ್ತು ನಿಮಿಷ.

ಹೊರಬರುವಾಗ ಒಂದು ಸಣ್ಣ ದೃಶ್ಯ ನನ್ನ ಕಣ್ಣಿಗೆ ಬಿದ್ದಿತು. ಬಾಗಿಲ ಕಾವಲಿನವನು, ಉದ್ದನೆಯ, ಕೆಂಪು ಬಟ್ಟೆಯ ಬೆನ್ನಿನ ಒಂದು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ನಮ್ಮ ಕಾರಿನ ಸಂಖ್ಯೆಯ ಮುಂದೆ, ಗಲ್ಲಾಪೆಟ್ಟಿಗೆಯ ಬಳಿಯಿಂದ ಯಾರೋ ಕೂಗಿ ಹೇಳಿದ ಮೊತ್ತವನ್ನು ಬರೆಯುತ್ತಿದ್ದನು. ಅಂತಹ ಪುಸ್ತಕ ನನಗೆ ಅಪರಿಚಿತವಲ್ಲ. ನಾನು ಮೊಮ್ಮಗನ ಪ್ರಾಯದವನಾಗಿದ್ದಾಗ ತಂದೆಯವರೊಡನೆ ಮಂಗಳೂರಿನ ಒಂದು ಅಡಿಕೆ ಮಂಡಿಗೆ ಹೋಗಿದ್ದೆನು. ಅಲ್ಲಿಯೂ ಕಾಫಿ ಬಂದಿತ್ತು, ಕುಶಲಪ್ರಶ್ನೆಗಳಾಗಿದ್ದವು. ದಲಾಲಿ, ಹಮಾಲಿ, ತೂಕದ ವಾಸಿ ಎಂದು ಕಳೆಯುತ್ತ ಹೋದ ಅಂಕಿಗಳು ಅಂತಹುದೇ ಪುಸ್ತಕದಲ್ಲಿ ಮೌನವಾಗಿ ಇಳಿಯುತ್ತಿದ್ದವು. ಚಾಲಿ ಎಷ್ಟು, ಪಟೋರ ಎಷ್ಟು, ಕರಿಗೋಟು ಎಷ್ಟು ಎಂಬ ಅಡಿಕೆಯ ದರ್ಜೆಗಳನ್ನು ತೋಟದವನಲ್ಲ, ಪುಸ್ತಕದವನು ನಿರ್ಣಯಿಸುತ್ತಿದ್ದನು. ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟ ಆ ದಿನಗಳ ಅನಂತರ, ೧೯೭೩ರಲ್ಲಿ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೊ ಎಂಬ ಬೆಳೆಗಾರರ ಸಹಕಾರಿ ಸಂಸ್ಥೆ ಹುಟ್ಟಿಕೊಂಡುದು, ಬೆಳೆಗಾರನೇ ತನ್ನ ಮಾಲಿನ ಪುಸ್ತಕವನ್ನು ಹಿಡಿಯಬೇಕೆಂಬ ಹಂಬಲದಿಂದ. ಅಂತಹ ನಾಡಿನಲ್ಲಿ ಹುಟ್ಟಿ, ಅರ್ಧ ಶತಮಾನದಿಂದ ಆ ಕಥೆಯನ್ನು ಹೆಮ್ಮೆಯಿಂದ ಹೇಳುತ್ತ ಬಂದ ನಾನು, ಬೆಂಗಳೂರಿನ ಒಂದು ಅಂಗಡಿಯಲ್ಲಿ ಸ್ವತಃ ಅಡಿಕೆಯ ಮೂಟೆಯಾಗಿ ಕುಳಿತಿದ್ದೆನು.

ರಾತ್ರಿ ವಸತಿಗೃಹದ ಬಾಗಿಲಲ್ಲಿ ಚಾಲಕನನ್ನು ನಿಲ್ಲಿಸಿಕೊಂಡು ಆ ಪುಸ್ತಕದ ಅರ್ಥವನ್ನು ಕೇಳಿದೆನು. ಬೈಯುವ ಉದ್ದೇಶ ನನಗಿರಲಿಲ್ಲ; ಅದು ಅವನಿಗೂ ತಿಳಿದಿರಬೇಕು. ಸ್ವಲ್ಪ ಹೊತ್ತು ಕೀಲಿಕೈಯನ್ನು ತಿರುವುತ್ತ ನಿಂತು, ಬಳಿಕ ಹೇಳಿದನು: “ಸುಳ್ಳ್ಯಾಕೆ ಯಜಮಾನ್ರೇ. ನೀವು ಆರುನೂರು ಇಳಿಸಿದ್ರಿ. ಏಜೆನ್ಸಿಯೋರು ಅವ್ರ ಪಾಲು ಬಿಡಲ್ಲ, ಡೀಸೆಲ್ ಬಂಕ್‌ನೋನು ಬಿಡಲ್ಲ, ಕಾರಿನ ಸಾಲದ ಕಂತು ಬಿಡಲ್ಲ. ಇಳಿದಿದ್ದೆಲ್ಲ ನನ್ ಕೂಲೀಲೇ. ಅಂಗಡೀಲಿ ಗಾಡಿ ನಿಲ್ಲಿಸಿದ್ರೆ ಇಷ್ಟು, ನೀವು ತಗಂಡ್ರೆ ನೂರಕ್ಕಿಷ್ಟು. ಅದು ಬರ್ತದೆ ಅಂತಲೇ ಏಜೆನ್ಸಿಯೋರು ಕಮ್ಮಿಗೆ ಒಪ್ಕಳ್ಳೋದು.”

ಈ ಮಾತನ್ನು ಒಳಗೆ ಬಂದು ಹೇಳಿದಾಗ ಮನೆಯಾಕೆ ಸೀರೆಯ ಪೆಟ್ಟಿಗೆಯನ್ನು ಬದಿಗೆ ಸರಿಸಿ, “ಅಲ್ಲ ಮಾರಾಯ್ರೇ, ಆರುನೂರು ಉಳಿಸಿದೆ ಉಳಿಸಿದೆ ಅಂತ ಘಟ್ಟ ಹತ್ತುವವರೆಗೂ ಹೇಳಿದಿರಲ್ಲ, ಅದೇ ಆರುನೂರು ಈಗ ಸೊಂಡಿಲು ಎತ್ತಿಕೊಂಡು ನಿಂತದ್ದು ನೋಡಿ!” ಎಂದು ಮೇಜಿನ ಮೇಲಿನ ಆನೆಯನ್ನು ತೋರಿಸಿದಳು.

ಮರುದಿನಕ್ಕೆ ಬೇರೊಬ್ಬನನ್ನು ಗೊತ್ತುಮಾಡುವುದು ಸುಲಭವಾಗಿತ್ತು. ಆದರೆ ದೋಷ ಮನುಷ್ಯನದೋ ಏರ್ಪಾಡಿನದೋ ಎಂಬುದನ್ನು ಪರೀಕ್ಷಿಸುವ ಕುತೂಹಲ ನನ್ನಲ್ಲಿ ಹುಟ್ಟಿ, ಅದೇ ಚಾಲಕನನ್ನೇ ಕರೆದು ಹೀಗೆಂದೆನು: ಕಾರಿಗೆ ೩,೪೦೦, ಬಾಟಾ ೪೦೦ ಬೇರೆ, ಅದು ನಿನ್ನ ಕೈಗೇ, ಪ್ರತಿಯಾಗಿ ಯಾವ ಅಂಗಡಿಯ ಮುಂದೆಯೂ ಗಾಡಿ ನಿಲ್ಲಕೂಡದು. ಮಾರನೆಯ ಬೆಳಗ್ಗೆ ಅವನು ಹೇಳಿದ ವೇಳೆಗಿಂತ ಕಾಲು ಗಂಟೆ ಮುಂಚಿತವಾಗಿ ಬಂದು, ತನ್ನ ಪರಿಚಯದವರೇ ಆದ, ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿಯನ್ನು ಕೊರಳಲ್ಲಿ ಧರಿಸಿದ್ದ ಒಬ್ಬ ಮಹಿಳೆಯನ್ನು ಕರೆತಂದಿದ್ದನು. ನಾಲ್ಕು ಗಂಟೆಗೆ ೧,೮೦೦ ರೂಪಾಯಿ ಎಂದು ಆಕೆ ಕಾರು ಹತ್ತುವ ಮೊದಲೇ ಹೇಳಿದರು. ‘ನಿಮ್ಮ ಇಷ್ಟ’ ಎಂಬುದು ಎಷ್ಟು ದುಬಾರಿಯ ಮಾತೆಂಬುದನ್ನು ಹಿಂದಿನ ದಿನವೇ ಕಲಿತಿದ್ದ ನನಗೆ ಆ ಅಂಕಿ ಹಿತವಾಗಿಯೇ ಕೇಳಿಸಿತು.

ಹೈದರಾಲಿ ೧೭೬೦ರಲ್ಲಿ ತೊಡಗಿಸಿದ, ಈಗ ೨೪೦ ಎಕರೆಗಳಷ್ಟು ಹರಡಿರುವ ಲಾಲ್‌ಬಾಗಿನಲ್ಲಿ ಆಕೆ ನಮ್ಮನ್ನು ಮೊದಲು ಕರೆದೊಯ್ದುದು ಗಾಜಿನ ಮನೆಗಲ್ಲ, ಕೆಂಪೇಗೌಡರ ಗೋಪುರವನ್ನು ಹೊತ್ತ ಬಂಡೆಗೆ. ಏರು ಹತ್ತಲಾರದ ಚಿಕ್ಕಮ್ಮನನ್ನು ಬಂಡೆಯ ತಪ್ಪಲಲ್ಲೇ ಕೂರಿಸಿ, ತಮ್ಮ ಕೈಚೀಲದಿಂದ ನೀರಿನ ಬಾಟಲಿಯನ್ನು ತೆಗೆದು, ಒಣಗಿ ಬೂದಿಬಣ್ಣಕ್ಕಿದ್ದ ಕಲ್ಲಿನ ಮೇಲೆ ಒಂದು ಗುಟುಕಿನಷ್ಟು ಸುರಿದರು. ನೀರು ಹರಿದ ಕಡೆಯಲ್ಲೆಲ್ಲ ಕಪ್ಪು ಬಿಳುಪಿನ ಪಟ್ಟೆಗಳು, ಕಲಸಿದ ಹಿಟ್ಟನ್ನು ಮಡಿಸಿ ಮಡಿಸಿ ನಾದಿದಂತೆ, ಅಲೆಯಲೆಯಾಗಿ ಎದ್ದು ಕಂಡವು. ಭೂಮಿಯ ಒಡಲಲ್ಲಿ ಬೆಂದು ನಲುಗಿದ ಈ ಶಿಲೆಗೆ ಸುಮಾರು ಮುನ್ನೂರು ಕೋಟಿ ವರ್ಷ ಪ್ರಾಯವೆಂದು ಆಕೆ ಹೇಳಿದಾಗ, ಚಿಕ್ಕಮ್ಮ ಒದ್ದೆಯಾದ ಪಟ್ಟೆಯ ಮೇಲೆ ಅಂಗೈಯನ್ನಿಟ್ಟು, “ಹಾಗಾದರೆ ನಾನಿನ್ನೂ ಮಗು, ಅಲ್ಲವಾ ಮಗಾ?” ಎಂದರು. ಹಿಂದಿನ ಸಂಜೆ ಅದೇ ಬಂಡೆಯ ಪಕ್ಕದಲ್ಲಿ ನಾವು ಕಡಲೆಕಾಯಿ ತಿನ್ನುತ್ತ ಹಾದುಹೋಗಿದ್ದೆವು. ಒಂದು ಗುಟುಕು ನೀರನ್ನು ಎಲ್ಲಿ ಸುರಿಯಬೇಕೆಂದು ಬಲ್ಲವರಿಗೆ ನಾನು ಕೊಟ್ಟ ಸಂಭಾವನೆ ಹೆಚ್ಚಾಯಿತೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ಆ ದಿನದ ಉಳಿದ ಭಾಗ ತಾನಾಗಿಯೇ ಸಾಗಿತು. ೧೮೮೯ರಲ್ಲಿ ಅಸ್ತಿಭಾರ ಕಂಡ ಗಾಜಿನ ಮನೆ, ಬಸವನಗುಡಿಯ ಏಕಶಿಲೆಯ ನಂದಿ, ೧೯೪೩ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದ ದೋಸೆ. ಹಿಂದಿನ ದಿನ ಊಟದ ಹೊತ್ತಿಗೆ ಎಲ್ಲಿಯೋ ಮರೆಯಾಗಿದ್ದ ಚಾಲಕನು ಈ ದಿನ ನಮ್ಮ ಮೇಜಿನಲ್ಲಿಯೇ ಕುಳಿತು ತಿಂದನು. ಮಾರ್ಗದರ್ಶಿಯನ್ನು ಬೀಳ್ಕೊಟ್ಟ ಮೇಲೆ, “ಮಗೀಗೊಂದು ಜಾಗ ಐತೆ” ಎಂದು ತಾನೇ ಸೂಚಿಸಿ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಮುಂದೆ ಇಳಿಸಿದನು. ಮೊಮ್ಮಗನು ಅಲ್ಲಿ ಯಂತ್ರಗಳ ಗುಂಡಿಗಳನ್ನೊತ್ತುತ್ತ ಕಳೆದುದು ಸರಿಯಾಗಿ ಎರಡು ಗಂಟೆ. ಅವು ಹಿಂದಿನ ದಿನ ಅಂಗಡಿಯಲ್ಲಿ ನಾವು ಕಳೆದುಕೊಂಡ ಎರಡು ಗಂಟೆಗಳಿಗೆ ಸಮವಾದುವೆಂದು ನಾನು ಮನಸ್ಸಿನಲ್ಲಿಯೇ ಜಮಾ ಮಾಡಿಕೊಂಡೆನು.

ಈಗ ಲೆಕ್ಕ. ಮೊದಲ ದಿನ ಕಾರಿಗೆ ೨,೪೦೦, ಬಾಟಾ ೨೦೦, ಸುರಂಗದವನಿಗೆ ೩೦೦, ಪಾರ್ಕಿಂಗಿಗೆ ೧೨೦, ಒಟ್ಟು ೩,೦೨೦. ಎರಡನೆಯ ದಿನ ಕಾರಿಗೆ ೩,೪೦೦, ಬಾಟಾ ೪೦೦, ಮಾರ್ಗದರ್ಶಿಗೆ ೧,೮೦೦, ಪಾರ್ಕಿಂಗಿಗೆ ೧೬೦, ಒಟ್ಟು ೫,೭೬೦. ಇಷ್ಟರಲ್ಲಿಯೇ ಪುಸ್ತಕವನ್ನು ಮಡಿಸಿದರೆ ಮೊದಲ ದಿನವೇ ಅಗ್ಗ. ಆದರೆ ಊರಿಗೆ ಬಂದ ಮೇಲೆ ಅದೇ ಬಗೆಯ ಸೀರೆ ಪುತ್ತೂರಿನ ಪೇಟೆಯಲ್ಲಿ ೬,೪೦೦ಕ್ಕೆ ದೊರೆಯುವುದು ಕಂಡುಬಂದಿತು. ಆನೆಯಂತೂ ಆಟಿಯ ಮಳೆಗೆ ತನ್ನ ಪರಿಮಳವನ್ನೆಲ್ಲ ಕಳೆದುಕೊಂಡು, ಎಣ್ಣೆ ಸವರಿದ ಯಾವುದೋ ಬಿಳಿಮರವೆಂಬುದನ್ನು ಪ್ರಕಟಿಸಿತು. ಸೀರೆಯ ೨,೨೦೦ನ್ನೂ ಆನೆಯ ೧,೯೦೦ನ್ನೂ ಕೂಡಿಸಿದಾಗ ಮೊದಲ ದಿನದ ನಿಜವಾದ ವೆಚ್ಚ ೭,೧೨೦ ಆಯಿತು. ಅಗ್ಗದ ದಿನವು ತುಟ್ಟಿಯ ದಿನಕ್ಕಿಂತ ೧,೩೬೦ ರೂಪಾಯಿ ಹೆಚ್ಚಿಗೆ ಬಿದ್ದಿತು. ಚಾಲಕನ ಕೂಲಿಯನ್ನು ನಾನು ಎರಡು ದಿನವೂ ಕೊಟ್ಟೆನು. ಮೊದಲ ದಿನ ಅದನ್ನು ಅಂಗಡಿಯವನ ಕೈಯಿಂದ, ಅವನ ಲಾಭವನ್ನೂ ಸೇರಿಸಿ ಕೊಡಿಸಿದೆನು ಎಂಬಷ್ಟೇ ವ್ಯತ್ಯಾಸ.

ಇಂತಹ ಪ್ರವಾಸಕ್ಕೆ ಹೊರಡುವ ವಾಚಕರು ದರವನ್ನು ಇಳಿಸುವುದಕ್ಕೆ ಮುಂಚೆ ದರದೊಳಗೆ ಏನೇನಿದೆಯೆಂಬುದನ್ನು ಕೇಳಿಕೊಳ್ಳುವುದು ಲೇಸು. ಗಂಟೆಯೂ ಕಿಲೋಮೀಟರೂ ಎಣಿಕೆಗೆ ಬರುವುದು ನಾವು ಹತ್ತಿದಲ್ಲಿಂದಲೋ, ಕಾರು ತನ್ನ ಶೆಡ್ಡಿನಿಂದ ಹೊರಟಲ್ಲಿಂದಲೋ? ಎಂಟು ಗಂಟೆ ಮೀರಿದರೆ ಗಂಟೆಗೆಷ್ಟು? ಬಾಟಾ, ಟೋಲು, ಪಾರ್ಕಿಂಗು ಒಳಗೋ ಹೊರಗೋ? ನಗರದ ಹೊರಗೆ ಹೋಗುವುದಾದರೆ ಲೆಕ್ಕವೇ ಬೇರೆ: ದಿನಕ್ಕೆ ಕನಿಷ್ಠ ೨೫೦ ಅಥವಾ ೩೦೦ ಕಿಲೋಮೀಟರುಗಳ ಹಣವನ್ನು ಓಡಿದರೂ ಓಡದಿದ್ದರೂ ಕೊಡಬೇಕಾಗುತ್ತದೆ. ಮೈಸೂರಿಗೆ ಹೋಗಿ ಬಂದರೆ ಆ ಕನಿಷ್ಠ ಬಹುಮಟ್ಟಿಗೆ ತೀರುತ್ತದೆ. ಅರುವತ್ತು ಕಿಲೋಮೀಟರು ದೂರದ ನಂದಿಬೆಟ್ಟಕ್ಕೆ ಹೋಗಿ ಬಂದರೆ ಅರ್ಧವೂ ತೀರುವುದಿಲ್ಲ. ಹಳದಿ ಫಲಕದ ಗಾಡಿಯನ್ನೇ ಹಿಡಿಯಬೇಕು. ಸ್ವಂತ ಬಳಕೆಯ ಬಿಳಿ ಫಲಕದ ಕಾರನ್ನು ಬಾಡಿಗೆಗೆ ಓಡಿಸುವುದು ನಿಯಮಬಾಹಿರ, ಅಪಘಾತವಾದರೆ ವಿಮೆಯವರು ಕೈಚೆಲ್ಲಲು ಅದೊಂದೇ ಕಾರಣ ಸಾಕು. ರೇಷ್ಮೆ ಬೇಕಿದ್ದವರು ಸರ್ಕಾರದ ರೇಷ್ಮೆ ನಿಗಮವಾದ ಕೆ.ಎಸ್.ಐ.ಸಿ.ಯ ಮಳಿಗೆಗೂ, ಗಂಧದ ಕೆತ್ತನೆ ಬೇಕಿದ್ದವರು ಸರ್ಕಾರದ ಕಾವೇರಿ ಮಳಿಗೆಗೂ ತಾವಾಗಿಯೇ ಹೋಗಬಹುದು. ಒಬ್ಬಿಬ್ಬರೇ ಇದ್ದು ಕಾಲು ಗಟ್ಟಿಯಾಗಿದ್ದರೆ ಕಾರೇ ಬೇಡ. ಮೆಟ್ರೋ ಲಾಲ್‌ಬಾಗಿನ ಬಾಗಿಲಿನವರೆಗೂ ಬರುತ್ತದೆ, ಉಳಿದ ಹಣವನ್ನು ಬಲ್ಲ ಮಾರ್ಗದರ್ಶಿಗೆ ಕೊಡಬಹುದು. ನಮಗೆ ಎರಡನೆಯ ದಿನ ತಲೆಗೆ ಬಿದ್ದುದು ೧,೪೪೦. ಚಿಕ್ಕಮ್ಮನ ಮೊಣಕಾಲಿನ ದೃಷ್ಟಿಯಿಂದ ಅದು ದುಂದಲ್ಲ.

ಮರಳಿ ನೆಟ್ಟಣದಲ್ಲಿ ಇಳಿದಾಗ ಬೆಳಕು ಹರಿಯುತ್ತಿತ್ತು. ನಿಲ್ದಾಣದ ಹೊರಗೆ ಕುಕ್ಕೆಗೆ ಹೋಗುವ ಯಾತ್ರಿಕರು ಜೀಪುಗಳ ಸುತ್ತ ನಿಂತು, ತಲೆಗೆ ಹತ್ತು ರೂಪಾಯಿ ಇಳಿಸಲು ಹೋರಾಡುತ್ತಿದ್ದರು. ನಮ್ಮೂರಿನ ಜೀಪಿನವನು, ನನ್ನ ಸ್ವಭಾವವನ್ನು ಬಲ್ಲವನಾದುದರಿಂದ, ಚರ್ಚೆಗೆ ಅವಕಾಶವಿಟ್ಟುಕೊಂಡೇ ಒಂದು ದರವನ್ನು ಹೇಳಿದನು. ನಾನು ಎದುರಾಡದೆ ಚೀಲಗಳನ್ನು ಹಿಂದಕ್ಕೆ ಹಾಕಿ, ಮನೆಯಂಗಳದಲ್ಲಿ ಇಳಿದ ಮೇಲೆ ಅಷ್ಟನ್ನೂ ಎಣಿಸಿ ಅವನ ಕೈಗಿತ್ತೆನು. ಅವನು ನೋಟುಗಳನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, “ಎಂತ ಅಣ್ಣೇರೇ, ಬೆಂಗಳೂರಿನಲ್ಲಿ ಜ್ವರಗಿರ ಬಂತಾ?” ಎಂದು ಕಳವಳದಿಂದ ವಿಚಾರಿಸಿ, ಐವತ್ತು ರೂಪಾಯಿಗಳನ್ನು ತಾನಾಗಿಯೇ ಹಿಂದಕ್ಕೆ ಕೊಟ್ಟನು.